ಕಳುವಾದ ಲ್ಯಾಪ್‌ಟಾಪ್ ಇಂಟರ್‌ನೆಟ್ ಮೂಲಕ ಹುಡುಕುವುದು: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಳ್ಳ ಯಾರೆಂದು ಇಂಟರ್‌ನೆಟ್ ಹೇಳುವುದಿಲ್ಲ. ಕಳುವಾದ ಯಂತ್ರ ಎಷ್ಟು ಹೊತ್ತಿಗೆ, ಯಾವ ಸಂಪರ್ಕದಿಂದ ಆನ್‌ಲೈನ್ ಬಂತು ಎಂಬ ಸುಳಿವು ಕೊಡುತ್ತದೆ, ಅದೂ ಪ್ರತಿ ಸಲ ಅಲ್ಲ. ಆ ಸುಳಿವಿನಿಂದ ಮನೆ ಬಾಗಿಲು ಮುಟ್ಟುವುದು ಪೊಲೀಸರ ನೋಟಿಸ್ ಮತ್ತು ನಿಮ್ಮ ದೂರು ಸೇರಿದಾಗ. ಹಾಗಾಗಿ ಇಲ್ಲಿ ಕಂಪ್ಯೂಟರ್ ವಿಷಯ ಎಷ್ಟಿದೆಯೋ ಕಾಗದಪತ್ರದ ವಿಷಯವೂ ಅಷ್ಟೇ ಇದೆ. ಕಾನೂನಿನ ಕಲಂಗಳು ಹೆಚ್ಚಾಗಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಪ್ರಕಾರ.

ಈಗಷ್ಟೇ ಕಳುವಾಗಿದೆ. ಮೊದಲು ಯಾವುದು, ಆಮೇಲೆ ಯಾವುದು?

ಕೈಯಲ್ಲಿರುವ ಮೊಬೈಲ್‌ನಿಂದಲೇ ಶುರು ಮಾಡಿ. ವಿಂಡೋಸ್ ಆದರೆ ಮೈಕ್ರೋಸಾಫ್ಟ್ ಖಾತೆಯ ಡಿವೈಸಸ್ ಪುಟ, ಆಪಲ್ ಆದರೆ ಐಕ್ಲೌಡ್‌ನ ಫೈಂಡ್ ಮೈ ಪುಟ ತೆರೆಯಿರಿ. ನಕ್ಷೆಯಲ್ಲಿ ಜಾಗ ಕಂಡರೆ ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಆಮೇಲೆ ಲಾಕ್ ಒತ್ತಿ. ಇರೇಸ್ ಮತ್ತು ರಿಮೂವ್ ಡಿವೈಸ್ ಎರಡನ್ನೂ ಸದ್ಯ ಮುಟ್ಟಬೇಡಿ. ಮೊದಲನೆಯದು ಸುಳಿವನ್ನು ಅಳಿಸುತ್ತದೆ, ಎರಡನೆಯದು ಯಂತ್ರಕ್ಕೂ ನಿಮಗೂ ಇರುವ ಕೊಂಡಿಯನ್ನೇ ಕಳಚುತ್ತದೆ.

ನಂತರ ಇಮೇಲ್ ಪಾಸ್‌ವರ್ಡ್ ಬದಲಿಸಿ, ಅದಾದ ಮೇಲೆ ಬ್ಯಾಂಕಿನದು. ಇಮೇಲ್ ಮೊದಲು ಯಾಕೆಂದರೆ ಉಳಿದ ಎಲ್ಲ ಪಾಸ್‌ವರ್ಡ್‌ಗಳನ್ನು ಹೊಸದಾಗಿ ಪಡೆಯುವ ದಾರಿ ಅದೇ. ಮೊಬೈಲ್ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು, ಲ್ಯಾಪ್‌ಟಾಪ್ ಕೊನೆಗೆ ಯಾವಾಗ ಚಾಲ್ತಿಯಲ್ಲಿತ್ತು ಎಂದು ಬರೆದಿಟ್ಟುಕೊಂಡು ಲಾಗ್‌ಔಟ್ ಮಾಡಿ. ಇಷ್ಟು ಮುಗಿಸಿ ಠಾಣೆಗೆ ಹೊರಡಿ.

ಲ್ಯಾಪ್‌ಟಾಪ್ ಮುಖ್ಯವೋ ಅದರೊಳಗಿನ ಮಾಹಿತಿ ಮುಖ್ಯವೋ ಎಂಬ ಗೊಂದಲ ಬಂದರೆ ಮಾಹಿತಿ ಎಂದೇ ತೀರ್ಮಾನಿಸಿ. ಐವತ್ತು ಸಾವಿರದ ಯಂತ್ರ ಹುಡುಕಲು ಹೋಗಿ ಖಾತೆಯಲ್ಲಿದ್ದ ಹಣ ಕಳೆದುಕೊಂಡರೆ ಲೆಕ್ಕ ಕೂಡುವುದಿಲ್ಲ.

ವಿಂಡೋಸ್‌ನ ಫೈಂಡ್ ಮೈ ಡಿವೈಸ್ ಎಷ್ಟು ನಂಬಿಕಸ್ಥ?

ಮೊದಲೇ ಆನ್ ಮಾಡಿಟ್ಟಿದ್ದರೆ, ಮತ್ತು ಕಳ್ಳ ಫಾರ್ಮ್ಯಾಟ್ ಮಾಡುವವರೆಗೆ ಮಾತ್ರ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಫೈಂಡ್ ಮೈ ಡಿವೈಸ್ ಎಂಬ ದಾರಿ. ವಿಂಡೋಸ್ 10ರಲ್ಲಿ ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ ಒಳಗಿದೆ. ಕೆಲಸ ಮಾಡಬೇಕಾದರೆ ಮೂರು ಕೂಡಿಬರಬೇಕು: ಸ್ವಂತ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿರಬೇಕು, ಆ ಖಾತೆ ಅಡ್ಮಿನಿಸ್ಟ್ರೇಟರ್ ಆಗಿರಬೇಕು, ಲೊಕೇಶನ್ ಆನ್ ಇರಬೇಕು. ಅಂಗಡಿಯವರು ಕೊಡುವಾಗ ಲೋಕಲ್ ಖಾತೆ ಮಾಡಿ ಕೊಟ್ಟಿದ್ದರೆ ಇದು ನಡೆಯುವುದಿಲ್ಲ. ಕಾಲೇಜು ಅಥವಾ ಕಂಪನಿ ಕೊಟ್ಟ ಖಾತೆಯಲ್ಲೂ ನಡೆಯುವುದಿಲ್ಲ. ನಮ್ಮ ಕಡೆ ಮನೆ ಲ್ಯಾಪ್‌ಟಾಪ್‌ಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಈ ಲೋಕಲ್ ಖಾತೆಯಿಂದ. ಇವತ್ತೇ ತೆರೆದು ನೋಡಿಕೊಳ್ಳಿ.

ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಜಿಪಿಎಸ್ ಚಿಪ್ ಇರುವುದಿಲ್ಲ. ಸುತ್ತಮುತ್ತಲಿನ ವೈಫೈ ರೂಟರ್‌ಗಳ ಗುರುತು ಸಂಖ್ಯೆಗಳನ್ನು ನೋಡಿ ಜಾಗ ಅಂದಾಜು ಮಾಡುತ್ತವೆ. ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಹತ್ತಾರು ವೈಫೈ ಸಿಗುವುದರಿಂದ ಅಂದಾಜು ಕೆಲವು ಕಟ್ಟಡಗಳೊಳಗೆ ನಿಲ್ಲುತ್ತದೆ. ಮೂಡಿಗೆರೆ ಆಚೆ ತೋಟದ ಮನೆಯಲ್ಲಿ ಇರುವುದು ಒಂದೇ ರೂಟರ್. ಆ ರೂಟರ್ ಯಾವ ದಾಖಲೆಯಲ್ಲೂ ಇಲ್ಲದಿದ್ದರೆ ಯಂತ್ರ ಐಪಿ ವಿಳಾಸದ (ನೆಟ್ ಸಂಪರ್ಕಕ್ಕೆ ಕಂಪನಿ ಕೊಡುವ ನಂಬರ್) ಅಂದಾಜಿಗೆ ಇಳಿಯುತ್ತದೆ. ಆಗ ನಕ್ಷೆಯ ಚುಕ್ಕಿ ಬೇರೆ ಜಿಲ್ಲೆಯಲ್ಲೇ ಕೂತಿರಬಹುದು. ಚುಕ್ಕಿಯ ಸುತ್ತ ಇರುವ ವೃತ್ತ ನೋಡಿ. ವೃತ್ತ ದೊಡ್ಡದಾದಷ್ಟೂ ಚುಕ್ಕಿಗೆ ಬೆಲೆ ಕಡಿಮೆ.

ಮ್ಯಾಕ್‌ಬುಕ್ ಆದರೆ?

ಸ್ಥಿತಿ ಬಹಳ ಉತ್ತಮ. 2019ರ ಕ್ಯಾಟಲಿನಾ ಆವೃತ್ತಿಯಿಂದ, ಇಂಟರ್‌ನೆಟ್ ಇಲ್ಲದಿದ್ದರೂ ಹತ್ತಿರ ಹಾದುಹೋಗುವ ಬೇರೆಯವರ ಐಫೋನ್‌ಗಳು ಬ್ಲೂಟೂತ್ ಸಂಕೇತ ಹಿಡಿದು ಜಾಗವನ್ನು ತಿಳಿಸುತ್ತವೆ. ಟಿ2 ಚಿಪ್ ಅಥವಾ ಆಪಲ್‌ನದೇ ಎಂ ಸರಣಿಯ ಚಿಪ್ ಇದ್ದರೆ ಆ್ಯಕ್ಟಿವೇಶನ್ ಲಾಕ್ ಕೂಡ ಇರುತ್ತದೆ. ಫಾರ್ಮ್ಯಾಟ್ ಮಾಡಿದರೂ ನಿಮ್ಮ ಆಪಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಮಾರ್ಕ್ ಆ್ಯಸ್ ಲಾಸ್ಟ್ ಒತ್ತಿ, ಪರದೆ ಮೇಲೆ ಕಾಣುವಂತೆ ಮನೆಯವರೊಬ್ಬರ ಫೋನ್ ನಂಬರ್ ಹಾಕಿ.

ಆ ನಂಬರಿಗೆ ಕೆಲವು ದಿನದಲ್ಲಿ ಒಂದು ಸಂದೇಶ ಬರುವ ಸಂಭವ ಇದೆ: ‘ನಿಮ್ಮ ಮ್ಯಾಕ್ ಸಿಕ್ಕಿದೆ, ಜಾಗ ನೋಡಲು ಇಲ್ಲಿ ಒತ್ತಿ’. ಒತ್ತಿದರೆ ಆಪಲ್‌ನದೇ ಎನ್ನಿಸುವ ನಕಲಿ ಪುಟ ತೆರೆದು ಪಾಸ್‌ವರ್ಡ್ ಕೇಳುತ್ತದೆ. ಲಾಕ್ ತೆಗೆಯಲು ಕಳ್ಳನಿಗಿರುವ ಸುಲಭದ ದಾರಿ ಇದು. ಲಿಂಕ್ ಒತ್ತದೆ, ಕಳಿಸಿದ ನಂಬರ್ ಸಮೇತ ಆ ಸಂದೇಶವನ್ನು ಪೊಲೀಸರಿಗೆ ಕೊಡಿ. ಅದೂ ಒಂದು ಸುಳಿವೇ.

ನಾನು ಏನೂ ಆನ್ ಮಾಡಿರಲಿಲ್ಲ. ಇನ್ನು ಆಸೆ ಬಿಡಬೇಕೇ?

ಪೂರ್ತಿ ಬಿಡಬೇಡಿ. ಬ್ರೌಸರ್‌ನಲ್ಲಿ ನಿಮ್ಮ ಜಿಮೇಲ್ ಲಾಗಿನ್ ಉಳಿದಿದ್ದು, ಯಾರಾದರೂ ಯಂತ್ರವನ್ನು ಆನ್ ಮಾಡಿ ನೆಟ್‌ಗೆ ಹಾಕಿದ್ದರೆ ಗುರುತು ಬಿದ್ದಿರುತ್ತದೆ. ಬೇರೊಂದು ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಪುಟದ ಕೆಳಗೆ ಬಲಮೂಲೆಯಲ್ಲಿರುವ ಡೀಟೇಲ್ಸ್ ಒತ್ತಿ. ಇತ್ತೀಚಿನ ಬಳಕೆಗಳ ಪಟ್ಟಿ ಐಪಿ ವಿಳಾಸ, ಸಮಯದೊಂದಿಗೆ ಬರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಇದು ಸಿಗುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಲ್ಲಿ ರೀಸೆಂಟ್ ಆ್ಯಕ್ಟಿವಿಟಿ ಎಂಬ ಪುಟ ಇದೆ. ಗೂಗಲ್ ಖಾತೆಯ ಯುವರ್ ಡಿವೈಸಸ್ ಪುಟ ಯಂತ್ರದ ಕೊನೆಯ ಬಳಕೆಯ ಸಮಯ ಹೇಳುತ್ತದೆ. ಫೇಸ್‌ಬುಕ್‌ನಲ್ಲೂ ಎಲ್ಲೆಲ್ಲಿ ಲಾಗಿನ್ ಆಗಿದೆ ಎಂಬ ಪಟ್ಟಿ ಸಿಗುತ್ತದೆ.

ಇಲ್ಲಿ ಎಚ್ಚರ ಬೇಕಾದದ್ದು ಕ್ರಮದ ವಿಷಯದಲ್ಲಿ. ಗಾಬರಿಯಲ್ಲಿ ಮೊದಲೇ ಎಲ್ಲ ಕಡೆಯಿಂದ ಸೈನ್‌ಔಟ್ ಮಾಡಿಬಿಟ್ಟರೆ ಹೊಸ ಗುರುತು ಬೀಳುವುದು ನಿಲ್ಲುತ್ತದೆ. ಪಟ್ಟಿಗಳನ್ನು ಸ್ಕ್ರೀನ್‌ಶಾಟ್ ಮಾಡಿಟ್ಟುಕೊಂಡು ಆಮೇಲೆ ಸೈನ್‌ಔಟ್ ಮಾಡಿ. ಐದು ನಿಮಿಷದ ವ್ಯತ್ಯಾಸ ಅಷ್ಟೇ. ಹಾಗೆಂದು ಸುಳಿವಿನ ಆಸೆಗೆ ಇಮೇಲ್ ಅನ್ನು ದಿನಗಟ್ಟಲೆ ತೆರೆದಿಡುವುದು ದಡ್ಡತನ.

ಕ್ರೋಮ್‌ಬುಕ್?

ನಕ್ಷೆಯಲ್ಲಿ ಹುಡುಕುವ ಸೌಲಭ್ಯ ಮನೆ ಬಳಕೆಯ ಕ್ರೋಮ್‌ಬುಕ್‌ಗೆ ಇಲ್ಲ. ಗೂಗಲ್ ಖಾತೆಯಲ್ಲಿ ಕೊನೆಯ ಬಳಕೆಯ ಸಮಯ ನೋಡಿ, ಸೈನ್‌ಔಟ್ ಮಾಡಿ. ಶಾಲೆ ಕೊಟ್ಟದ್ದಾದರೆ ಅಲ್ಲಿಯ ಅಡ್ಮಿನ್ ದೂರದಿಂದಲೇ ಅದನ್ನು ನಿಷ್ಕ್ರಿಯ ಮಾಡಬಹುದು.

ಮೊಬೈಲ್ ತರಹ ಲ್ಯಾಪ್‌ಟಾಪನ್ನೂ ಸಂಚಾರ್ ಸಾಥಿಯಲ್ಲಿ ಬ್ಲಾಕ್ ಮಾಡಬಹುದೇ?

ಇಲ್ಲ. 2023ರ ಮೇ ತಿಂಗಳಲ್ಲಿ ಶುರುವಾದ, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಮೊಬೈಲ್ ಬ್ಲಾಕ್ ಮಾಡುವ ಸಿಇಐಆರ್ ವಿಭಾಗ ನಡೆಯುವುದು ಐಎಂಇಐ ನಂಬರ್ ಮೇಲೆ. 15 ಅಂಕಿಯ ಆ ನಂಬರ್ ಇರುವುದು ಸಿಮ್ ಹಾಕುವ ಯಂತ್ರಗಳಿಗೆ. ಸಾಮಾನ್ಯ ವೈಫೈ ಲ್ಯಾಪ್‌ಟಾಪಿಗೆ ಐಎಂಇಐ ಇಲ್ಲ. ಸಿಮ್ ಹಾಕುವ ಲ್ಯಾಪ್‌ಟಾಪ್, ಟ್ಯಾಬ್, ಬ್ಯಾಗಿನೊಳಗಿದ್ದ 4ಜಿ ಡಾಂಗಲ್ ಇವಕ್ಕೆ ಇರುತ್ತದೆ. ಬ್ಯಾಗೇ ಹೋಗಿದ್ದರೆ ಅದರಲ್ಲಿದ್ದ ಫೋನ್, ಡಾಂಗಲ್‌ಗಳ ಐಎಂಇಐ ತಪ್ಪದೆ ದೂರಿನಲ್ಲಿ ಬರೆಯಿರಿ. ಲ್ಯಾಪ್‌ಟಾಪಿಗೆ ಸಿಗದ ಸುಳಿವು ಕೆಲವೊಮ್ಮೆ ಜೊತೆಯಲ್ಲಿ ಹೋದ ಫೋನಿಗೆ ಸಿಗುತ್ತದೆ.

ಐಪಿ ವಿಳಾಸ ಸಿಕ್ಕಿತು. ಹುಡುಕಿದರೆ ಬೆಂಗಳೂರು ಎನ್ನುತ್ತದೆ. ಲ್ಯಾಪ್‌ಟಾಪ್ ಬೆಂಗಳೂರಿಗೆ ಹೋಗಿದೆಯೇ?

ಹಾಗೆ ಹೇಳಲು ಬರುವುದಿಲ್ಲ. ಐಪಿ ನೋಡಿ ಊರು ಹೇಳುವ ಜಾಲತಾಣಗಳು ಆ ಐಪಿ ಯಾವ ಕಂಪನಿಗೆ ಸೇರಿದ್ದು, ಅದರ ಸಂಚಾರ ಎಲ್ಲಿ ಹೊರಬೀಳುತ್ತದೆ ಎಂಬುದರಿಂದ ಅಂದಾಜು ಮಾಡುತ್ತವೆ. ಸಕಲೇಶಪುರದಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೆಟ್ ಬಳಸಿದರೂ ಬೆಂಗಳೂರು ಎಂದು ಬರುವುದು ದಿನನಿತ್ಯದ ಸಂಗತಿ. ನಿಮ್ಮ ಫೋನಿನ ಐಪಿಯನ್ನೇ ಒಮ್ಮೆ ಹಾಕಿ ನೋಡಿ, ಗೊತ್ತಾಗುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಐಪಿವಿ4 ಎಂಬ ಹಳೆಯ ಮಾದರಿಯ ಐಪಿ ವಿಳಾಸಗಳ ಕೊರತೆಯಿಂದ ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ಐಪಿಯನ್ನು ಒಂದೇ ಹೊತ್ತಿಗೆ ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ಸಿಜಿನ್ಯಾಟ್ ಎನ್ನುವುದು ಇದಕ್ಕೆ. ಹತ್ತು ಮನೆಗೆ ಒಂದೇ ಡೋರ್ ನಂಬರ್ ಇದ್ದಂತೆ. ಯಾವ ಮನೆ ಎಂದು ತಿಳಿಯಲು ಐಪಿಯ ಜೊತೆಗೆ ಪೋರ್ಟ್ ನಂಬರ್ ಮತ್ತು ಸೆಕೆಂಡಿನವರೆಗೆ ನಿಖರವಾದ ಸಮಯ ಬೇಕು. ಪೋರ್ಟ್ ನಂಬರ್ ನಿಮ್ಮ ಜಿಮೇಲ್ ಪಟ್ಟಿಯಲ್ಲಿ ಕಾಣುವುದಿಲ್ಲ. ಪೊಲೀಸರು ಆ ಸೇವೆಯ ಕಂಪನಿಯನ್ನೇ ಕೇಳಬೇಕು. ಪಟ್ಟಿಯಲ್ಲಿ ಸಿಕ್ಕಿದ್ದು ಕೊಲನ್‌ಗಳಿರುವ ಉದ್ದನೆಯ ಐಪಿವಿ6 ವಿಳಾಸವಾದರೆ ಒಳ್ಳೆಯದಾಯಿತು. ಅದನ್ನು ಹೀಗೆ ಹಂಚುವ ಅಗತ್ಯ ಇಲ್ಲದ್ದರಿಂದ ಒಂದು ಸಂಪರ್ಕದವರೆಗೆ ಹೋಗುವುದು ಸುಲಭ. ಒಂದಕ್ಷರವೂ ಬಿಡದೆ ನಕಲು ಮಾಡಿ.

ಕೇಬಲ್ ಅಥವಾ ಫೈಬರ್ ಸಂಪರ್ಕದ ಐಪಿ ಸಿಕ್ಕರೆ ಚಂದಾದಾರನ ಮನೆ, ಅಂಗಡಿಯವರೆಗೆ ಹೋಗುವ ಸಾಧ್ಯತೆ ಹೆಚ್ಚು. ಆದರೂ ಚಂದಾದಾರನೇ ಕಳ್ಳ ಎಂದಲ್ಲ. ಹೋಂಸ್ಟೇ, ಪಿಜಿ, ಬೇಕರಿಯ ವೈಫೈ ಬಳಸಿದವರು ಯಾರೋ ಏನೋ.

ಸಮಯ ಬರೆಯುವುದರಲ್ಲಿ ಏನು ತಪ್ಪಾಗುತ್ತದೆ?

ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಮತ್ತು ನಮ್ಮ ಸಮಯ ಕಲಸಿಹೋಗುತ್ತದೆ. ಭಾರತದ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ದಾಖಲೆಯಲ್ಲಿ 4ನೇ ತಾರೀಖು 18:40 ಯುಟಿಸಿ ಎಂದಿದ್ದರೆ ನಮ್ಮಲ್ಲಿ ಅದು 5ನೇ ತಾರೀಖು ಬೆಳಗಿನ ಜಾವ 12:10. ತಾರೀಖೇ ಬದಲಾಯಿತು. ಇದನ್ನು ಗಮನಿಸದೆ ಅರ್ಜಿ ಹೋದರೆ ಕಂಪನಿ ಪ್ರಾಮಾಣಿಕವಾಗಿಯೇ ಬೇರೆ ಯಾರದೋ ವಿಳಾಸ ಕೊಡುತ್ತದೆ. ಪುಟದಲ್ಲಿ ಕಂಡ ಸಮಯವನ್ನು ಹಾಗೇ ಬರೆದು, ಪಕ್ಕದಲ್ಲಿ ಅದು ಯುಟಿಸಿಯೋ ಭಾರತೀಯ ಸಮಯವೋ ಎಂದು ನಮೂದಿಸಿ. ನೀವೇ ಲೆಕ್ಕ ಹಾಕಿ ತಿದ್ದಬೇಡಿ.

ಐಪಿ ಕೊಟ್ಟರೆ ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್‌ನವರು ನನಗೆ ವಿಳಾಸ ಹೇಳುತ್ತಾರೆಯೇ?

ಹೇಳುವುದಿಲ್ಲ, ಹೇಳಬಾರದು ಕೂಡ. ತನಿಖಾಧಿಕಾರಿ ಬಿಎನ್‌ಎಸ್‌ಎಸ್ ಕಲಂ 94ರಡಿ ನೋಟಿಸ್ ಕಳಿಸಿದರೆ ಕೊಡುತ್ತಾರೆ. ಗೂಗಲ್, ಮೈಕ್ರೋಸಾಫ್ಟ್, ಆಪಲ್ ಕೂಡ ಅಷ್ಟೇ. ಎಫ್‌ಐಆರ್ ನಂಬರ್ ಇಲ್ಲದೆ ಈ ಬಂಡಿ ಮುಂದೆ ಹೋಗುವುದಿಲ್ಲ.

ಯಾವ ಠಾಣೆಗೆ ಹೋಗಬೇಕು? ಬಸ್ಸಿನಲ್ಲಿ ಹೋಯಿತು, ಎಲ್ಲಿ ಎಂದು ಗೊತ್ತಿಲ್ಲ.

ಕಳುವಾದ ಜಾಗದ ಠಾಣೆಗೆ. ಜಾಗ ಗೊತ್ತಿಲ್ಲದಿದ್ದರೆ ಹತ್ತಿರದ ಯಾವುದೇ ಠಾಣೆಗೆ. ಬಿಎನ್‌ಎಸ್‌ಎಸ್ ಕಲಂ 173ರ ಪ್ರಕಾರ ವ್ಯಾಪ್ತಿ ಯಾವುದಾದರೂ ದೂರು ತೆಗೆದುಕೊಳ್ಳಬೇಕು. ಝೀರೋ ಎಫ್‌ಐಆರ್ ಎಂದು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬಂದು, ಇಳಿದ ಮೇಲೆ ಬ್ಯಾಗ್ ಇಲ್ಲ ಎಂದು ಗೊತ್ತಾದರೆ ಚಿಕ್ಕಮಗಳೂರಿನಲ್ಲೇ ದೂರು ಕೊಡಿ. ಟಿಕೆಟ್, ಬಸ್ಸಿನ ನಂಬರ್, ಊಟಕ್ಕೆ ಎಲ್ಲಿ ನಿಲ್ಲಿಸಿದ್ದರು ಎಂಬುದನ್ನು ಬರೆಯಿರಿ. ಹೋಟೆಲ್ ಸಿಸಿಟಿವಿ ಹಳೆಯ ದೃಶ್ಯವನ್ನು ಅಳಿಸಿ ಹೊಸದು ಬರೆಯುತ್ತಾ ಹೋಗುವುದರಿಂದ ಇದು ಬೇಗ ಆಗಬೇಕು.

ರೈಲಿನಲ್ಲಾದರೆ 139ಕ್ಕೆ ಕರೆ ಮಾಡಿ. ಓಡುವ ರೈಲಿನಲ್ಲೇ ಟಿಟಿಇ ಅಥವಾ ಗಾರ್ಡ್ ಬಳಿ ದೂರಿನ ನಮೂನೆ ಪಡೆದು ತುಂಬಿಕೊಡಬಹುದು. ಅರಸೀಕೆರೆ, ಕಡೂರು, ಬೀರೂರಿನಲ್ಲಿ ಇಳಿದೇ ದೂರು ಕೊಡಬೇಕೆಂದು ಪ್ರಯಾಣ ಮೊಟಕು ಮಾಡಬೇಕಾಗಿಲ್ಲ.

ಸೈಬರ್ ವಿಷಯ ಎಂದು ನೇರ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗುವವರಿದ್ದಾರೆ. ಲ್ಯಾಪ್‌ಟಾಪ್ ಕಳವು ಮಾಮೂಲಿ ಕಳ್ಳತನ, ಅದು ನಿಮ್ಮ ಊರಿನ ಠಾಣೆಯ ಕೆಲಸ. ಐಪಿ ವಿವರದ ಹಂತದಲ್ಲಿ ಅವರೇ ಸಿಇಎನ್ ನೆರವು ಪಡೆಯುತ್ತಾರೆ. ಆ ಲ್ಯಾಪ್‌ಟಾಪ್ ಬಳಸಿ ನಿಮ್ಮ ಖಾತೆಯಿಂದ ಹಣ ತೆಗೆದಿದ್ದರೆ ಮಾತ್ರ ತಡಮಾಡದೆ 1930ಕ್ಕೆ ಕರೆ ಮಾಡಿ.

ಠಾಣೆಯಲ್ಲಿ ‘ಇ-ಲಾಸ್ಟ್ ಹಾಕಿ ಸಾಕು’ ಎಂದರು. ಸರಿಯೇ?

ರಾಜ್ಯ ಪೊಲೀಸರ ಇ-ಲಾಸ್ಟ್ ಇರುವುದು ಕಳೆದುಹೋದ ವಸ್ತುವಿಗೆ. ಅದರಿಂದ ತನಿಖೆ ನಡೆಯುವುದಿಲ್ಲ, ನೋಟಿಸ್ ಹೋಗುವುದಿಲ್ಲ. ಕಳುವಾಗಿದ್ದರೆ ‘ಕಳೆದುಕೊಂಡೆ’ ಎಂದು ಬರೆಯಬೇಡಿ, ‘ಕಳ್ಳತನವಾಗಿದೆ’ ಎಂದೇ ಬರೆಯಿರಿ. ಕಳ್ಳತನಕ್ಕೆ ಬಿಎನ್‌ಎಸ್ ಕಲಂ 303(2), ಮನೆಯೊಳಗಿನಿಂದಾದರೆ ಕಲಂ 305. ಎಫ್‌ಐಆರ್ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು. ಆ ಮಟ್ಟಕ್ಕೆ ಹೋಗುವ ಮೊದಲು ಬಿಲ್, ಸೀರಿಯಲ್ ನಂಬರ್, ಸ್ಕ್ರೀನ್‌ಶಾಟ್ ಜೋಡಿಸಿಕೊಂಡು ಇನ್ನೊಮ್ಮೆ ಹೋಗಿ ನೋಡಿ. ಕೈಯಲ್ಲಿ ಕಾಗದ ಇರುವವರ ದೂರು ಬೇಗ ದಾಖಲಾಗುತ್ತದೆ.

ದೂರಿನಲ್ಲಿ ಏನೇನು ಇರಬೇಕು?

ಕಂಪನಿ, ಮಾದರಿ, ಬಣ್ಣ, ಸೀರಿಯಲ್ ನಂಬರ್ (ಡೆಲ್‌ನಲ್ಲಿ ಸರ್ವಿಸ್ ಟ್ಯಾಗ್ ಎಂಬ 7 ಅಕ್ಷರ), ಕೊಂಡ ದಿನ, ಬೆಲೆ, ಬಿಲ್ಲಿನ ಪ್ರತಿ. ಗುರುತಿಗೆ ಸಿಗುವಂಥದ್ದು ಏನಿದ್ದರೂ ಬರೆಯಿರಿ: ಮೂಲೆಯ ಸೀಳು, ಅಂಟಿಸಿದ ಸ್ಟಿಕ್ಕರ್, ಕೆಲಸ ಮಾಡದ ಒಂದು ಕೀ, ಆಮೇಲೆ ಹಾಕಿಸಿದ ಎಸ್‌ಎಸ್‌ಡಿ. ಚಾರ್ಜರ್, ಮೌಸ್, ಬ್ಯಾಗ್ ಬಿಡಬೇಡಿ. ಸ್ಕ್ರೀನ್‌ಶಾಟ್‌ಗಳನ್ನು ಮುದ್ರಿಸಿ ಲಗತ್ತಿಸಿ, ಮೂಲ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿರಿ. ಮುಂದೆ ಅವು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಕೇಳುತ್ತಾರೆ.

ಸೀರಿಯಲ್ ನಂಬರ್ ಇರುವುದು ಲ್ಯಾಪ್‌ಟಾಪ್ ಅಡಿಯಲ್ಲಿ, ಅದೇ ಈಗ ಇಲ್ಲವಲ್ಲ. ಡಬ್ಬಿಯ ಮೇಲೆ ನೋಡಿ. ಬಿಸಾಡಿದ್ದರೆ ಅಂಗಡಿಯ ಬಿಲ್, ಆನ್‌ಲೈನ್ ಖರೀದಿಯ ಇನ್‌ವಾಯ್ಸ್, ವಾರಂಟಿ ನೋಂದಣಿಯ ಇಮೇಲ್, ರಿಪೇರಿಗೆ ಕೊಟ್ಟಾಗಿನ ಜಾಬ್ ಶೀಟ್, ಇವುಗಳಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ಸೀರಿಯಲ್ ನಂಬರ್ ಇಲ್ಲದೆ ಸಿಕ್ಕ ಲ್ಯಾಪ್‌ಟಾಪ್ ನಿಮ್ಮದೇ ಎಂದು ಸಾಧಿಸುವುದು ಕಷ್ಟ. ಒಂದೇ ಮಾದರಿಯವು ಒಂದೇ ಹಾಸ್ಟೆಲ್‌ನಲ್ಲಿ ಇಪ್ಪತ್ತಿರುತ್ತವೆ.

ನಕ್ಷೆಯಲ್ಲಿ ಮನೆಯೇ ಕಾಣುತ್ತಿದೆ. ನಾಲ್ಕು ಜನ ಹೋಗಿ ಕೇಳಿಬಿಡೋಣವೇ?

ಬೇಡ. ಚುಕ್ಕಿ ಪಕ್ಕದ ಮನೆಯದ್ದಾಗಿರಬಹುದು, ಮಹಡಿ ಯಾವುದೆಂದು ನಕ್ಷೆ ಹೇಳುವುದಿಲ್ಲ. ನಿಜವಾಗಿ ಅಲ್ಲೇ ಇದ್ದರೆ ನೀವು ಬಂದು ಹೋದ ಹತ್ತು ನಿಮಿಷಕ್ಕೆ ಅದು ಬೇರೆ ಕಡೆ ಹೋಗಿರುತ್ತದೆ. ಒಳಗೆ ನುಗ್ಗಿದರೆ ಅತಿಕ್ರಮ ಪ್ರವೇಶದ ಕೇಸು ನಿಮ್ಮ ಮೇಲೆಯೇ. ಚುಕ್ಕಿ ಆ ಹೊತ್ತಿಗೂ ಜೀವಂತವಾಗಿದ್ದರೆ 112ಕ್ಕೆ ಕರೆ ಮಾಡಿ ಎಫ್‌ಐಆರ್ ನಂಬರ್ ಹೇಳಿ. ಪೊಲೀಸರು ಪಂಚರ ಎದುರು ಮಹಜರು ಮಾಡಿ ವಶಪಡಿಸಿಕೊಂಡರಷ್ಟೇ ಅದು ಕೇಸಿಗೆ ನಿಲ್ಲುತ್ತದೆ.

ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಮುಗಿಯಿತೇ?

ವಿಂಡೋಸ್ ಲ್ಯಾಪ್‌ಟಾಪ್‌ಗಳ ಮಟ್ಟಿಗೆ ಹೆಚ್ಚುಕಡಿಮೆ ಹೌದು. ಆಪಲ್‌ನ ಆ್ಯಕ್ಟಿವೇಶನ್ ಲಾಕ್‌ನಂಥದ್ದು ಮನೆ ಬಳಕೆಯ ವಿಂಡೋಸ್‌ನಲ್ಲಿ ಇಲ್ಲ. ಎರಡು ಅಪವಾದಗಳಿವೆ, ಎರಡೂ ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವಂಥವು. ಒಂದು ಆಟೋಪೈಲಟ್: ಹೊಸದಾಗಿ ವಿಂಡೋಸ್ ಹಾಕಿ ನೆಟ್‌ಗೆ ಸೇರಿಸಿದ ಕೂಡಲೇ ಕಂಪನಿಯ ಹೆಸರು ಬಂದು ಅಲ್ಲಿಯ ಲಾಗಿನ್ ಕೇಳುತ್ತದೆ. ಇನ್ನೊಂದು ಅಬ್ಸೊಲ್ಯೂಟ್, ಹಿಂದೆ ಕಂಪ್ಯೂಟ್ರೇಸ್ ಎನ್ನುತ್ತಿದ್ದರು. ಡೆಲ್, ಎಚ್‌ಪಿ, ಲೆನೊವೊ ಮುಂತಾದವುಗಳ ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ, ಯಂತ್ರದ ಚಿಪ್‌ನಲ್ಲೇ ಇರುವ ತಂತ್ರಾಂಶ) ಒಳಗೇ ಇದರ ತುಣುಕು ಕೂತಿರುತ್ತದೆ. ಚಾಲೂ ಮಾಡಿದ್ದರೆ, ಡಿಸ್ಕ್ ಬದಲಿಸಿದರೂ ವಿಂಡೋಸ್ ಹೊಸದಾಗಿ ಶುರುವಾದಾಗ ತನ್ನ ತಂತ್ರಾಂಶವನ್ನು ಮತ್ತೆ ಹಾಕಿಕೊಳ್ಳುತ್ತದೆ. ಬೆಂಗಳೂರಿನ ಕಂಪನಿಗೆ ತೋಟದ ಮನೆಯಿಂದ ಕೆಲಸ ಮಾಡುವವರು ಕಳುವಾದ ಕೂಡಲೇ ಕಂಪನಿಯ ಐಟಿ ವಿಭಾಗಕ್ಕೆ ತಿಳಿಸಬೇಕಾದ್ದು ಇದಕ್ಕೇ. ನಿಮಗೆ ಕಾಣದ ನಕ್ಷೆ ಅವರಿಗೆ ಕಾಣಬಹುದು.

ಮನೆಯವರು ಮಾಡಬಹುದಾದದ್ದು: ಬಯೋಸ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿ, ಯುಎಸ್‌ಬಿಯಿಂದ ಬೂಟ್ ಆಗುವುದನ್ನು ನಿಲ್ಲಿಸುವುದು. ಹಳೆಯ ಯಂತ್ರಗಳಲ್ಲಿ ಒಳಗಿನ ಗುಂಡಿ ಬ್ಯಾಟರಿ ತೆಗೆದರೆ ಪಾಸ್‌ವರ್ಡ್ ಹೋಗುತ್ತಿತ್ತು. ಈಗಿನ ಬಹಳಷ್ಟರಲ್ಲಿ ಅದು ಬೇರೆ ಚಿಪ್‌ನಲ್ಲಿರುವುದರಿಂದ ಹೋಗುವುದಿಲ್ಲ. ನೀವೇ ಮರೆತರೂ ಅಷ್ಟೇ ಕಷ್ಟ, ಬರೆದಿಟ್ಟುಕೊಳ್ಳಿ.

ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದರೆ (ಕೀಲಿ ಇಲ್ಲದೆ ಓದಲಾಗದಂತೆ ಮಾಡಿದರೆ) ಕಳ್ಳ ನೆಟ್‌ಗೇ ಬರುವುದಿಲ್ಲವಲ್ಲ, ಹುಡುಕುವುದು ಹೇಗೆ?

ಈ ಪ್ರಶ್ನೆ ಕೇಳುವವರು ವಿಷಯ ತಿಳಿದವರೇ. ನಿಜ, ಎರಡರ ನಡುವೆ ಎಳೆದಾಟ ಇದೆ. ಆದರೆ ವಿಂಡೋಸ್‌ನ ಸಾಮಾನ್ಯ ಎನ್‌ಕ್ರಿಪ್ಶನ್ (ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್), ಯಂತ್ರದೊಳಗಿನ ಟಿಪಿಎಂ ಎಂಬ ಭದ್ರತಾ ಚಿಪ್‌ನಿಂದ ಕೀಲಿ ತೆಗೆದುಕೊಂಡು ವಿಂಡೋಸ್‌ನ ಲಾಗಿನ್ ಪರದೆಯವರೆಗೆ ತಾನೇ ತೆರೆದುಕೊಳ್ಳುತ್ತದೆ. ಆ ಪರದೆಯಲ್ಲೇ ವೈಫೈ ಆಯ್ಕೆ ಮಾಡುವ ಗುರುತು ಇದೆ. ಪ್ರೇಯಂತಹ ಪತ್ತೆ ತಂತ್ರಾಂಶ ಹಿನ್ನೆಲೆ ಸೇವೆಯಾಗಿ ಓಡುವುದರಿಂದ ಲಾಗಿನ್ ಆಗುವ ಮೊದಲೇ ವರದಿ ಕಳಿಸಬಲ್ಲದು. ಹತ್ತಿರದ ವೈಫೈ ಹೆಸರುಗಳು ಅದರಲ್ಲಿ ಬರುತ್ತವೆ. ನಕ್ಷೆಗಿಂತ ಕೆಲವೊಮ್ಮೆ ಇದೇ ಉಪಯುಕ್ತ. ಅಂಗಡಿಯ ಹೆಸರನ್ನೇ ವೈಫೈಗೆ ಇಟ್ಟವರು ಎಷ್ಟು ಜನ ಇಲ್ಲ!

ಲಾಗಿನ್ ಪಾಸ್‌ವರ್ಡ್ ಇದ್ದು ಎನ್‌ಕ್ರಿಪ್ಶನ್ ಇಲ್ಲದಿದ್ದರೆ ಅದು ರಕ್ಷಣೆಯೇ ಅಲ್ಲ. ಎಸ್‌ಎಸ್‌ಡಿ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಫೈಲ್‌ಗಳೆಲ್ಲ ತೆರೆದುಕೊಳ್ಳುತ್ತವೆ. ಪಾಸ್‌ವರ್ಡ್ ಇಲ್ಲದೆ ಬಿಟ್ಟು ಕಳ್ಳನನ್ನು ಬಲೆಗೆ ಬೀಳಿಸುವ ಉಪಾಯ ಹೇಳುವವರ ಮಾತು ಕೇಳಬೇಡಿ.

ಹಾಸ್ಟೆಲ್‌ನಲ್ಲಿ ಕಳುವಾಯಿತು. ಮ್ಯಾಕ್ ಅಡ್ರೆಸ್‌ನಿಂದ ಸಿಗುತ್ತದೆಯೇ?

ಊರಿಡೀ ಹುಡುಕಲು ಆಗುವುದಿಲ್ಲ, ಕ್ಯಾಂಪಸ್ ಒಳಗೆ ಆಗುತ್ತದೆ. ಮ್ಯಾಕ್ ಅಡ್ರೆಸ್ ಎಂದರೆ ವೈಫೈ ಕಾರ್ಡಿನ ಗುರುತು ಸಂಖ್ಯೆ, ಆಪಲ್‌ನ ಮ್ಯಾಕ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದು ರೂಟರ್ ದಾಟಿ ಇಂಟರ್‌ನೆಟ್‌ಗೆ ಹೋಗುವುದಿಲ್ಲ. ಆದರೆ ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಂಥ ದೊಡ್ಡ ಆವರಣದಲ್ಲಿ, ಒಂದೇ ಕೇಂದ್ರದಿಂದ ನಿಯಂತ್ರಿಸುವ ವೈಫೈ ಇದ್ದರೆ ಯಾವ ಮ್ಯಾಕ್ ಅಡ್ರೆಸ್ ಯಾವ ಬ್ಲಾಕಿನ ಆ್ಯಕ್ಸೆಸ್ ಪಾಯಿಂಟ್‌ಗೆ ಯಾವಾಗ ಸೇರಿತು ಎಂಬ ದಾಖಲೆ ನೆಟ್‌ವರ್ಕ್ ಅಡ್ಮಿನ್ ಬಳಿ ಇರುತ್ತದೆ. ಕಳುವಿನ ಹಿಂದಿನ ದಿನ ನೀವು ಲಾಗಿನ್ ಆದ ದಾಖಲೆಯಿಂದ ನಿಮ್ಮ ಮ್ಯಾಕ್ ಅಡ್ರೆಸ್ ತೆಗೆಯಬಹುದು, ನಿಮಗೆ ನೆನಪಿರಬೇಕೆಂದಿಲ್ಲ. ಫಾರ್ಮ್ಯಾಟ್ ಮಾಡಿದರೂ ಕಾರ್ಡಿನ ಅಡ್ರೆಸ್ ಅದೇ. ವಿಂಡೋಸ್‌ನಲ್ಲಿ ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್ ಆನ್ ಮಾಡಿದರೆ ಮಾತ್ರ ತಪ್ಪಿಸಿಕೊಳ್ಳುತ್ತದೆ. ವಾರ್ಡನ್ ಮೂಲಕ ಲಿಖಿತ ಅರ್ಜಿ ಕೊಡಿ, ಆ ದಿನವೇ. ಈ ದಾಖಲೆಗಳನ್ನು ಬಹಳ ದಿನ ಇಡುವುದಿಲ್ಲ.

ಬ್ಯಾಗಿನಲ್ಲಿ ಏರ್‌ಟ್ಯಾಗ್ (ಜಾಗ ತಿಳಿಸುವ ಆಪಲ್‌ನ ಪುಟ್ಟ ಬಿಲ್ಲೆ) ಹಾಕಿಟ್ಟರೆ?

ಪೇಟೆಯಲ್ಲಿ, ಬಸ್ ನಿಲ್ದಾಣದಲ್ಲಿ ಚೆನ್ನಾಗಿ ನಡೆಯುತ್ತದೆ. ಕಳಸ, ಕೊಪ್ಪದ ಒಳಭಾಗದಲ್ಲಿ ಐಫೋನ್ ಹಾದುಹೋಗುವುದೇ ಅಪರೂಪವಾದ್ದರಿಂದ ಜಾಗ ಗಂಟೆಗಟ್ಟಲೆ ಹಳೆಯದಾಗಿರುತ್ತದೆ. ಅಪರಿಚಿತ ಟ್ಯಾಗ್ ಜೊತೆಯಲ್ಲಿ ಸಾಗುತ್ತಿದೆ ಎಂದು ಕಳ್ಳನ ಫೋನಿಗೆ ಎಚ್ಚರಿಕೆ ಹೋಗುವುದೂ ಉಂಟು. ಸಿಆರ್2032 ಬ್ಯಾಟರಿ ಸುಮಾರು ಒಂದು ವರ್ಷ ಬರುತ್ತದೆ.

ಕಳ್ಳನ ಫೋಟೋ ಕ್ಯಾಮೆರಾದಲ್ಲಿ ಬಂದಿದೆ. ಊರಿನ ವಾಟ್ಸಾಪ್ ಗುಂಪಿಗೆ ಹಾಕಲೇ?

ಹಾಕಬೇಡಿ. ಫೋಟೋದಲ್ಲಿರುವವನು ಹದಿನೈದು ಸಾವಿರ ಕೊಟ್ಟು ಕೊಂಡ ಅಮಾಯಕ ವಿದ್ಯಾರ್ಥಿ ಆಗಿರಬಹುದು, ರಿಪೇರಿ ಅಂಗಡಿಯ ಹುಡುಗ ಆಗಿರಬಹುದು. ಮಾನಹಾನಿ ಒಂದು ಕಡೆ, ನಿಜವಾದ ಕಳ್ಳನಿಗೆ ಸುದ್ದಿ ಮುಟ್ಟುವುದು ಇನ್ನೊಂದು ಕಡೆ. ಕ್ಯಾಮೆರಾ ಸದಾ ಆನ್ ಇಟ್ಟು ಯಾರದೋ ಮನೆಯೊಳಗನ್ನು ಇಣುಕುತ್ತಾ ಕೂರುವುದೂ ಬೇಡ. ಖಾಸಗಿ ದೃಶ್ಯ ಸೆರೆಹಿಡಿದರೆ ಐಟಿ ಕಾಯ್ದೆಯ ಕಲಂ 66ಇ ಇದೆ. ಫೋಟೋ ತನಿಖಾಧಿಕಾರಿಯ ಕೈಗೆ ಹೋಗಲಿ.

‘ಹಣ ಕೊಡಿ, ಐಪಿಯಿಂದ ಪತ್ತೆ ಮಾಡಿಕೊಡುತ್ತೇವೆ’ ಎಂದು ಟೆಲಿಗ್ರಾಂನಲ್ಲಿ ಒಬ್ಬರು ಬಂದಿದ್ದಾರೆ.

ಮೋಸ. ಟೆಲಿಕಾಂ ಕಂಪನಿಯ ದಾಖಲೆ ಖಾಸಗಿಯವರಿಗೆ ಸಿಗುವಂಥದ್ದಲ್ಲ.

ಜಿಎಸ್‌ಟಿ ಡಿಜಿಟಲ್ ಸಹಿಯ ಟೋಕನ್ ಬ್ಯಾಗಿನಲ್ಲೇ ಇತ್ತು.

ಅದನ್ನು ಕೊಟ್ಟ ಪ್ರಮಾಣೀಕರಣ ಸಂಸ್ಥೆಗೆ ತಿಳಿಸಿ ಕೂಡಲೇ ರದ್ದು ಮಾಡಿಸಿ. ಪಿನ್ ಇಲ್ಲದೆ ಟೋಕನ್ ನಡೆಯುವುದಿಲ್ಲ ನಿಜ, ಆದರೆ ಪಿನ್ ಅನ್ನು ಚೀಟಿಯಲ್ಲಿ ಬರೆದು ಟೋಕನ್‌ಗೇ ಸುತ್ತಿಡುವ ಕಚೇರಿಗಳು ಕಡಿಮೆ ಇಲ್ಲ. ಕಕ್ಷಿದಾರರ ಕಡತಗಳು ಲ್ಯಾಪ್‌ಟಾಪ್‌ನಲ್ಲಿದ್ದರೆ ಅವರಿಗೂ ಹೇಳಿಬಿಡಿ.

ಪೊಲೀಸರಿಗೆ ಸಿಕ್ಕಿದೆಯಂತೆ. ನನ್ನ ಕೈಗೆ ಯಾವಾಗ?

ವಶಪಡಿಸಿಕೊಂಡ ಮೇಲೆ ಅದು ಕೇಸಿನ ಮುದ್ದೆಮಾಲು. ನ್ಯಾಯಾಲಯದ ಆದೇಶ ಬೇಕು. ವಕೀಲರ ಮೂಲಕ ಬಿಎನ್‌ಎಸ್‌ಎಸ್ ಕಲಂ 497 ಅಥವಾ 503ರಡಿ ಮಧ್ಯಂತರ ಸುಪರ್ದಿಗೆ ಅರ್ಜಿ ಹಾಕಿಸಿ. ಬಿಲ್, ಎಫ್‌ಐಆರ್ ಪ್ರತಿ, ಗುರುತಿನ ಚೀಟಿ ಬೇಕು. ನ್ಯಾಯಾಲಯ ಬಾಂಡ್ ಬರೆಸಿಕೊಂಡು, ಫೋಟೋ ತೆಗೆಸಿ ಬಿಡುಗಡೆ ಮಾಡುತ್ತದೆ. ಮುದ್ದೆಮಾಲು ಠಾಣೆಯಲ್ಲಿ ಕೊಳೆಯಬಾರದು ಎಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಕಲಂ 497ರಲ್ಲಿ ಈಗ ಗಡುವೂ ಇದೆ: ವಸ್ತು ಹಾಜರಾದ 14 ದಿನದೊಳಗೆ ವಿವರಪಟ್ಟಿ, ಅದಾದ 30 ದಿನದೊಳಗೆ ವಿಲೇವಾರಿ ಆದೇಶ.

ಕೈಗೆ ಬಂದ ಕೂಡಲೇ ಹಳೆಯ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಬೇಡಿ. ಒಳಗೆ ಏನು ಸೇರಿಸಿದ್ದಾರೋ ಗೊತ್ತಿಲ್ಲ. ಡಿಸ್ಕ್ ಅಳಿಸಬಹುದೇ ಎಂದು ತನಿಖಾಧಿಕಾರಿಯನ್ನು ಕೇಳಿ, ಒಪ್ಪಿದ ಮೇಲೆ ವಿಂಡೋಸ್ ಹೊಸದಾಗಿ ಹಾಕಿ.

ವಿಮೆ ಇದೆ. ಸಿಗದಿದ್ದರೆ ಹಣ ಬರುತ್ತದೆಯೇ?

ಎಫ್‌ಐಆರ್ ಜೊತೆಗೆ, ಪತ್ತೆಯಾಗಲಿಲ್ಲ ಎಂಬ ಪೊಲೀಸ್ ವರದಿ ಕೇಳುತ್ತಾರೆ. ಠಾಣೆಯ ಭಾಷೆಯಲ್ಲಿ ಸಿ ರಿಪೋರ್ಟ್. ಇದು ತಿಂಗಳುಗಟ್ಟಲೆ ಹಿಡಿಯುವುದರಿಂದ ವಿಮಾ ಕಂಪನಿಗೆ ಮಾತ್ರ ಕಳುವಾದ ದಿನವೇ ಲಿಖಿತವಾಗಿ ತಿಳಿಸಿ. ಬೀಗ ಒಡೆದ ಗುರುತಿಲ್ಲದ ಕಳವಿಗೆ, ಕಾರಿನ ಸೀಟಿನಲ್ಲಿ ಬಿಟ್ಟು ಹೋದದ್ದಕ್ಕೆ ಹಣ ಕೊಡದ ಪಾಲಿಸಿಗಳಿವೆ. ಷರತ್ತಿನ ಪುಟ ಓದಿ.

ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಿದ್ದೇನೆ. ಕದ್ದ ಮಾಲಲ್ಲ ಎಂದು ಹೇಗೆ ತಿಳಿಯುವುದು?

ಮೂಲ ಬಿಲ್ ಕೇಳಿ, ಬಿಲ್ಲಿನ ಸೀರಿಯಲ್ ನಂಬರ್, ಅಡಿಯ ಸ್ಟಿಕ್ಕರ್, ಬಯೋಸ್ ಪರದೆ ಮೂರರಲ್ಲೂ ಒಂದೇ ಇದೆಯೇ ನೋಡಿ. ಸ್ಟಿಕ್ಕರ್ ಕೆರೆದಿದ್ದರೆ ಎದ್ದು ಬನ್ನಿ. ಹಣ ಕೊಡುವ ಮೊದಲು ಎದುರಿಗೇ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ, ಆರಂಭದ ಪರದೆಗಳನ್ನು ಕೊನೆಯವರೆಗೆ ದಾಟಿ. ಆ್ಯಕ್ಟಿವೇಶನ್ ಲಾಕ್ ಆಗಲಿ ಕಂಪನಿಯ ಲಾಗಿನ್ ಆಗಲಿ ಅಲ್ಲೇ ಗೊತ್ತಾಗುತ್ತದೆ. ‘ನೆಟ್ ಹಾಕದೆ ಶುರು ಮಾಡಿ, ಆಮೇಲೆ ಹಾಕಿಕೊಳ್ಳಿ’ ಎಂದು ಮಾರುವವರು ಹೇಳಿದರೆ ಕಾರಣ ಇರುತ್ತದೆ. ಕದ್ದದ್ದೆಂದು ತಿಳಿದೂ ಕೊಂಡರೆ ಬಿಎನ್‌ಎಸ್ ಕಲಂ 317(2)ರಲ್ಲಿ ಮೂರು ವರ್ಷದವರೆಗೆ ಜೈಲು. ತಿಳಿಯದೆ ಕೊಂಡರೂ ಲ್ಯಾಪ್‌ಟಾಪ್ ಪೊಲೀಸರ ವಶಕ್ಕೆ ಹೋಗುತ್ತದೆ, ಕೊಟ್ಟ ಹಣ ಮಾರಿದವನಿಂದಲೇ ವಸೂಲಾಗಬೇಕು. ಅದಕ್ಕೆ ಯುಪಿಐನಲ್ಲಿ ಕೊಡಿ, ಮಾರಿದವನ ಸಹಿ ಮತ್ತು ಗುರುತಿನ ಚೀಟಿ ಪ್ರತಿ ಪಡೆದುಕೊಳ್ಳಿ.